ಮೊಗ್ಗಿನೊಳಗೆ ಇಣುಕಿದ ವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ

ಮಕ್ಕಳೇ, ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆಯ ನಿಮಗೆ ಅಡಿಕೆ ಮರದ ಸಿಂಗಾರವನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ನಾಗರಪಂಚಮಿಯ ದಿನ ನಾಗನ ಕಲ್ಲಿನ ಮೇಲೆ ಅದನ್ನು ನೋಡಿಯೇ ಇರುತ್ತೀರಿ. ತೋಟದಲ್ಲಿ ಸಿಂಗಾರ ಬಿಚ್ಚಿಕೊಂಡ ಕೆಲವು ದಿನಗಳ ಮೇಲೆ ಮರದ ಬುಡವನ್ನು ಗಮನಿಸಿದ್ದೀರಾ? ಅಕ್ಕಿಯ ನುಚ್ಚು ಚೆಲ್ಲಿದಂತೆ ಸಣ್ಣ ಸಣ್ಣ ಹೂಗಳು ಉದುರಿರುತ್ತವೆ. ಅಯ್ಯೋ, ಈ ವರ್ಷದ ಫಸಲೆಲ್ಲ ಹೋಯಿತೇ ಎಂದು ಹೆದರಬೇಡಿ. ಉದುರಿದವು ಗಂಡುಹೂಗಳು. ಅವುಗಳ ಕೆಲಸ ಮುಗಿದಿದೆ. ಅಡಿಕೆಯಾಗಬೇಕಾದ ಹೆಣ್ಣುಹೂಗಳು ಸಿಂಗಾರದ ಎಳೆಗಳ ಬುಡದಲ್ಲಿ ಇನ್ನೂ ಭದ್ರವಾಗಿ ಕುಳಿತಿರುತ್ತವೆ.

ಅಂಥ ಒಂದು ಗಂಡುಹೂವನ್ನು ಅಂಗೈ ಮೇಲಿಟ್ಟು ಭೂತಗನ್ನಡಿಯಿಂದ ನೋಡಿ. ಒಳಗೆ ಆರು ಕೇಸರಗಳಿವೆ. ಕೇಸರವೆಂದರೆ ಹೂವಿನ ಗಂಡು ಭಾಗ. ಅದಕ್ಕೊಂದು ಪುಟ್ಟ ಕಡ್ಡಿ, ಕಡ್ಡಿಯ ತುದಿಯಲ್ಲಿ ಪರಾಗಕೋಶ. ಪರಾಗಕೋಶ ಒಡೆದಾಗ ಹೊರಬರುವ ಪುಡಿಯೇ ಪರಾಗ. ಇಷ್ಟನ್ನು ನೀವು ಪಾಠದಲ್ಲಿ ಓದಿದ್ದೀರಿ. ಆದರೆ ಆ ಪುಡಿ ಪರಾಗಕೋಶದೊಳಗೆ ಹೇಗೆ ತಯಾರಾಯಿತು? ಹೂವು ಅರಳಿದ ಮೇಲೆ ನೋಡಿದರೆ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಎಲ್ಲವೂ ಮುಗಿದುಹೋಗಿರುತ್ತದೆ. ಅದನ್ನು ಕಾಣಬೇಕಾದರೆ ಮೊಗ್ಗು ಇನ್ನೂ ಹಸಿರಾಗಿ, ಬಿಗಿಯಾಗಿ ಮುಚ್ಚಿಕೊಂಡಿರುವಾಗಲೇ ಒಳಗೆ ಇಣುಕಬೇಕು. ಹೀಗೆ ಮೊಗ್ಗಿನೊಳಗೆ ಇಣುಕುವುದನ್ನೇ ಜೀವನದ ಕೆಲಸ ಮಾಡಿಕೊಂಡ ಒಬ್ಬ ಕನ್ನಡಿಗರ ಕಥೆ ಇದು.

ಅವರ ಪೂರ್ತಿ ಹೆಸರು ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ. ಹುಟ್ಟಿದ್ದು 1918ರ ಫೆಬ್ರವರಿ 5ರಂದು, ಬೆಂಗಳೂರಿನಲ್ಲಿ. ತಂದೆ ಯಾರು ಗೊತ್ತೇ? 'ಮಂಕುತಿಮ್ಮನ ಕಗ್ಗ' ಬರೆದ ಡಿ.ವಿ. ಗುಂಡಪ್ಪನವರು. ಸ್ವಾಮಿ ಚಿಕ್ಕವರಿದ್ದಾಗಲೇ ತಾಯಿಯನ್ನು ಕಳೆದುಕೊಂಡರು. ಮನೆಯಲ್ಲಿ ಹಣ ಹೆಚ್ಚಿರಲಿಲ್ಲ, ಪುಸ್ತಕ ಬೇಕಾದಷ್ಟಿತ್ತು. ಸಾಹಿತಿಯ ಮಗ ಸಾಹಿತ್ಯವನ್ನೇ ಓದಬಹುದೆಂದು ನಾವು ಊಹಿಸುತ್ತೇವೆ. ಸ್ವಾಮಿ ಆರಿಸಿಕೊಂಡದ್ದು ಸಸ್ಯಶಾಸ್ತ್ರವನ್ನು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1939ರಲ್ಲಿ ಬಿ.ಎಸ್ಸಿ. ಆನರ್ಸ್ ಪದವಿ ಪಡೆದರು.

ಅವರ ಮನಸ್ಸನ್ನು ಸೆಳೆದದ್ದು ಆರ್ಕಿಡ್ ಗಿಡಗಳು. ಆರ್ಕಿಡ್ ಎಂದರೆ ಎಲ್ಲೋ ದೂರದ ದೇಶದ ಹೂವೆಂದು ತಿಳಿಯಬೇಡಿ. ಮಳೆಗಾಲ ಹಿಡಿಯುವ ಹೊತ್ತಿಗೆ ನಿಮ್ಮೂರಿನ ಮರಗಳ ಕೊಂಬೆಯಿಂದ ತಿಳಿನೇರಳೆ ಬಣ್ಣದ ಗೊಂಚಲು ಇಳಿಬಿಡುವ ಸೀತಾಳೆ ದಂಡೆ ಒಂದು ಆರ್ಕಿಡ್. ಮರದ ಮೇಲೆ ಬೆಳೆಯುತ್ತದೆ ಎಂದು ಇದನ್ನು ಬಂದಳಿಕೆ ಎನ್ನುವವರಿದ್ದಾರೆ. ಅದು ತಪ್ಪು. ಬಂದಳಿಕೆ ಮರದೊಳಕ್ಕೆ ಬೇರು ಚುಚ್ಚಿ ಆಹಾರ ಕದಿಯುತ್ತದೆ. ಸೀತಾಳೆ ಮರವನ್ನು ಬರಿದೇ ಅಪ್ಪಿಕೊಂಡು ಮಳೆ, ಮಂಜು, ತೊಗಟೆಯ ಮೇಲಿನ ಧೂಳು ಇಷ್ಟರಲ್ಲೇ ಬದುಕುತ್ತದೆ. ಆದ್ದರಿಂದ ಅದು ಅಪ್ಪುಸಸ್ಯ.

ಆರ್ಕಿಡ್ ಹೂವಿನಲ್ಲಿ ಕೇಸರ ಹುಡುಕಲು ಹೋದವರು ಮೊದಲು ಪೇಚಾಡುತ್ತಾರೆ. ದಾಸವಾಳದಲ್ಲಿ ಹತ್ತಾರು ಕೇಸರಗಳು ಎದ್ದು ಕಾಣುತ್ತವಲ್ಲವೇ? ಸೀತಾಳೆಯಲ್ಲಿ ಇರುವುದು ಒಂದೇ ಒಂದು. ಅದೂ ಹೂವಿನ ಹೆಣ್ಣು ಭಾಗವಾದ ಶಲಾಕೆಯೊಂದಿಗೆ ಬೆರೆತು ಒಂದು ಗಿಡ್ಡ ಕಂಬದಂತಾಗಿದೆ. ಪರಾಗ ಪುಡಿಯಾಗಿ ಉದುರುವುದಿಲ್ಲ. ಎರಡು ಪುಟ್ಟ ಹಳದಿ ಉಂಡೆಗಳಾಗಿ, ಕೆಳಗೊಂದು ಅಂಟುಬಿಲ್ಲೆ ಇಟ್ಟುಕೊಂಡು ಕುಳಿತಿರುತ್ತದೆ. ಮಕರಂದಕ್ಕೆ ಬಂದ ಜೇನ್ನೊಣದ ತಲೆಗೆ ಆ ಬಿಲ್ಲೆ ಅಂಟಿಕೊಂಡರೆ ಉಂಡೆಗಳು ಇಡಿಯಾಗಿ ಮುಂದಿನ ಹೂವಿಗೆ ಪ್ರಯಾಣ ಬೆಳೆಸುತ್ತವೆ. ಅಂಟಿಕೊಳ್ಳದಿದ್ದರೆ ಪರಾಗವಷ್ಟೂ ವ್ಯರ್ಥ. ಎಲ್ಲವೂ ಒಂದೇ ಗಂಟಿನಲ್ಲಿ!

ಇಂಥ ಹೂವುಗಳ ಮೊಗ್ಗುಗಳನ್ನು ಸ್ವಾಮಿಯವರು ಒಂದೊಂದಾಗಿ ಪರೀಕ್ಷಿಸತೊಡಗಿದರು. ಈ ಕೆಲಸ ಹೇಗೆ ನಡೆಯುತ್ತದೆಂದು ತಿಳಿದರೆ ಅವರ ತಾಳ್ಮೆ ಎಷ್ಟಿತ್ತೆಂದು ಅರ್ಥವಾಗುತ್ತದೆ. ಸಾಸಿವೆ ಗಾತ್ರದ ಮೊಗ್ಗಿನಿಂದ ಹಿಡಿದು ನಾಳೆ ಅರಳುವ ಮೊಗ್ಗಿನವರೆಗೆ ಎಲ್ಲ ವಯಸ್ಸಿನ ಮೊಗ್ಗುಗಳನ್ನು ಆರಿಸಬೇಕು. ಕೊಳೆಯದಂತೆ ಕೂಡಲೇ ರಾಸಾಯನಿಕ ದ್ರಾವಣದಲ್ಲಿ ಹಾಕಬೇಕು. ಅವುಗಳ ನೀರನ್ನು ಹಂತಹಂತವಾಗಿ ತೆಗೆದು ಕರಗಿದ ಮೇಣವನ್ನು ಒಳಕ್ಕೆ ಇಳಿಸಬೇಕು. ಮೇಣ ಗಟ್ಟಿಯಾದ ಮೇಲೆ ಮೈಕ್ರೋಟೋಮ್ ಎಂಬ ಯಂತ್ರದ ಅಲಗಿನಿಂದ ತೆಳ್ಳಗೆ ಹೆರೆಯಬೇಕು. ಎಷ್ಟು ತೆಳ್ಳಗೆ? ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು! ಆ ಹೆರೆಗಳನ್ನು ಕ್ರಮ ತಪ್ಪದಂತೆ ಗಾಜಿನ ಮೇಲೆ ಅಂಟಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಕಂಡದ್ದನ್ನು ಕೈಯಿಂದ ಬಿಡಿಸಬೇಕು. ಒಂದು ಹಂತ ತಪ್ಪಿದರೆ ಮತ್ತೆ ಮರ ಹತ್ತಬೇಕು. ಆ ವರ್ಷದ ಹೂವು ಮುಗಿದಿದ್ದರೆ ಮುಂದಿನ ವರ್ಷದವರೆಗೆ ಕಾಯಬೇಕು.

ಈಗ ಅವರ ಹಾಗೆ ನಾವೂ ಒಮ್ಮೆ ಇಣುಕೋಣ. ಸಾಮಾನ್ಯವಾಗಿ ಒಂದು ಎಳೆಯ ಪರಾಗಕೋಶವನ್ನು ಅಡ್ಡಕ್ಕೆ ಕತ್ತರಿಸಿದರೆ ನಾಲ್ಕು ಪರಾಗಚೀಲಗಳು ಕಾಣುತ್ತವೆ, ನಾಲ್ಕು ಕೋಣೆಯ ಮನೆಯಂತೆ. ಪ್ರತಿ ಕೋಣೆಯಲ್ಲೂ ದಪ್ಪದಪ್ಪನೆಯ ಜೀವಕೋಶಗಳು ತುಂಬಿರುತ್ತವೆ. ಇವು ಪರಾಗದ ತಾಯಿಕೋಶಗಳು. ಇವುಗಳ ಸುತ್ತ ಗೋಡೆಗೆ ಒತ್ತಿಕೊಂಡು ಇನ್ನೊಂದು ಪದರವಿದೆ. ಅದು ಪೋಷಕ ಪದರ. ಬೆಳೆಯುವ ಪರಾಗಕ್ಕೆ ಊಟ ಬಡಿಸುವುದು ಅದರ ಕೆಲಸ. ಪರಾಗ ಬಲಿಯುವ ಹೊತ್ತಿಗೆ ಈ ಪದರ ತಾನೇ ಕರಗಿ ಇಲ್ಲವಾಗುತ್ತದೆ.

ಒಂದೊಂದು ತಾಯಿಕೋಶವೂ ಎರಡು ಸಲ ವಿಭಜನೆಯಾಗಿ ನಾಲ್ಕು ಮರಿಕೋಶಗಳಾಗುತ್ತದೆ. ಈ ವಿಭಜನೆ ಮಾಮೂಲಿಯದಲ್ಲ. ಇದರಲ್ಲಿ ವರ್ಣತಂತುಗಳ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ. ಇದಕ್ಕೆ ಮಿಯಾಸಿಸ್ ಎಂದು ಹೆಸರು. ಭತ್ತದ ಗಿಡದ ಜೀವಕೋಶದಲ್ಲಿ 24 ವರ್ಣತಂತುಗಳಿದ್ದರೆ ಅದರ ಪರಾಗರೇಣುವಿಗೆ ಸಿಗುವುದು 12 ಮಾತ್ರ. ಏಕೆ ಅರ್ಧ? ಉಳಿದ 12 ಅಂಡದಿಂದ ಬರುತ್ತವೆ. ಎರಡೂ ಸೇರಿದಾಗ ಲೆಕ್ಕ ಮತ್ತೆ 24 ಆಗುತ್ತದೆ. ಅರ್ಧ ಮಾಡದೇ ಹೋಗಿದ್ದರೆ ಪ್ರತಿ ತಲೆಮಾರಿಗೂ ವರ್ಣತಂತುಗಳು ಇಮ್ಮಡಿಯಾಗುತ್ತಾ ಹೋಗುತ್ತಿದ್ದವು.

ಹೆಚ್ಚಿನ ಗಿಡಗಳಲ್ಲಿ ನಾಲ್ಕು ಮರಿಕೋಶಗಳು ಬೇರೆಬೇರೆಯಾಗಿ ನಾಲ್ಕು ಪರಾಗರೇಣುಗಳಾಗುತ್ತವೆ. ಬಹಳಷ್ಟು ಆರ್ಕಿಡ್‌ಗಳಲ್ಲಿ ನಾಲ್ಕೂ ಕೈಬಿಡದೆ ಅಂಟಿಕೊಂಡೇ ಇರುತ್ತವೆ. ಉಂಡೆಯ ಗುಟ್ಟು ಶುರುವಾಗುವುದು ಇಲ್ಲಿಂದ. ಆಮೇಲೆ ರೇಣುವಿನ ಸುತ್ತ ಗಟ್ಟಿ ಹೊರಕವಚ ಬೆಳೆಯುತ್ತದೆ. ಅದು ಎಷ್ಟು ಗಟ್ಟಿಯೆಂದರೆ ಕೆರೆಯ ಕೆಸರಿನಲ್ಲಿ ಸಾವಿರಾರು ವರ್ಷ ಹೂತುಹೋದರೂ ಕೊಳೆಯದೆ ಉಳಿಯಬಲ್ಲದು. ಕವಚದೊಳಗೆ ಇನ್ನೊಂದು ವಿಭಜನೆ ನಡೆದು ಒಂದು ದೊಡ್ಡ ಕೋಶ, ಒಂದು ಸಣ್ಣ ಕೋಶ ಆಗುತ್ತವೆ. ದೊಡ್ಡದು ಮುಂದೆ ಪರಾಗನಾಳವನ್ನು ಬೆಳೆಸುತ್ತದೆ. ಸಣ್ಣದು ಮತ್ತೆ ಒಡೆದು ಎರಡು ಗಂಡು ಲಿಂಗಾಣುಗಳಾಗುತ್ತದೆ. ಭತ್ತದಲ್ಲಿ ಇದು ಪರಾಗ ಹೊರಬೀಳುವ ಮುಂಚೆಯೇ ಆಗಿರುತ್ತದೆ. ಆರ್ಕಿಡ್‌ಗಳಲ್ಲಿ ಪರಾಗನಾಳ ಬೆಳೆಯುವಾಗ ಆಗುತ್ತದೆ.

ಇಷ್ಟೆಲ್ಲ ತಿಳಿದು ಏನು ಪ್ರಯೋಜನ ಎಂದು ಕೇಳುವವರು ಗದ್ದೆಯ ಜೊಳ್ಳನ್ನು ನೋಡಬೇಕು. ಭತ್ತ ಹೊಡೆಯಾಗುವ ಸಮಯಕ್ಕೆ, ಅಂದರೆ ತೆನೆ ಇನ್ನೂ ಒಳಗೆ ಅಡಗಿರುವಾಗ, ಅದರ ಪರಾಗಕೋಶಗಳಲ್ಲಿ ಈ ವಿಭಜನೆಗಳು ನಡೆಯುತ್ತಿರುತ್ತವೆ. ಆಗ ವಿಪರೀತ ಚಳಿ ಬಿದ್ದರೂ ನೀರು ಬತ್ತಿದರೂ ಪರಾಗ ಕೆಡುತ್ತದೆ. ಮೇಲಿನಿಂದ ಗಿಡ ಹಸಿರಾಗಿಯೇ ಇರುತ್ತದೆ. ಕೊಯ್ಲಿನಲ್ಲಿ ತೂರಿದಾಗ ಜೊಳ್ಳು ಹಾರುತ್ತದೆ. ನಷ್ಟವಾದದ್ದು ವಾರಗಟ್ಟಲೆ ಹಿಂದೆ, ಕಣ್ಣಿಗೆ ಕಾಣದ ಕೋಶದೊಳಗೆ.

ಮತ್ತೆ ಸ್ವಾಮಿಯವರ ಕಥೆಗೆ ಬರೋಣ. ಅವರ ಆರ್ಕಿಡ್ ಸಂಶೋಧನೆಯಲ್ಲಿ ಮಲೆನಾಡಿನವರಿಗೆ ಹತ್ತಿರದ್ದು ವೆನಿಲಾ. ಐಸ್‌ಕ್ರೀಮಿಗೆ ಪರಿಮಳ ಕೊಡುವ ವೆನಿಲಾ ಕೂಡ ಒಂದು ಆರ್ಕಿಡ್ ಬಳ್ಳಿ. ಅದರ ಪರಾಗ, ಅಂಡ, ಭ್ರೂಣಗಳ ಬೆಳವಣಿಗೆಯನ್ನು ಪರಿಶೀಲಿಸಿ ಸ್ವಾಮಿಯವರು ಬರೆದ ಲೇಖನ 1947ರಲ್ಲಿ ಅಮೆರಿಕದ ಬೊಟಾನಿಕಲ್ ಗೆಜೆಟ್ ಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ವರ್ಷ ಮೈಸೂರು ವಿಶ್ವವಿದ್ಯಾಲಯ ಅವರಿಗೆ ಡಿ.ಎಸ್ಸಿ. ಪದವಿ ನೀಡಿತು.

ವೆನಿಲಾದ ತವರು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ. ಅದರ ಹೂವಿನಲ್ಲಿ ಪರಾಗಕೋಶಕ್ಕೂ ಶಲಾಕಾಗ್ರಕ್ಕೂ ನಡುವೆ ಒಂದು ತೆಳುವಾದ ಪರದೆಯಿದೆ. ಅಲ್ಲಿನ ದುಂಬಿಗಳು ಪರಾಗವನ್ನು ಸಾಗಿಸುತ್ತವೆ. ಇತರ ದೇಶಗಳಿಗೆ ಬಳ್ಳಿಯೇನೋ ಹೋಯಿತು, ದುಂಬಿ ಹೋಗಲಿಲ್ಲ. ಹೂ ಬಿಟ್ಟರೂ ಕಾಯಿ ಇಲ್ಲ! ಈ ಸಮಸ್ಯೆಗೆ ಸುಲಭ ಉಪಾಯ ಕಂಡುಹಿಡಿದದ್ದು ವಿಜ್ಞಾನಿಯಲ್ಲ, ನಿಮ್ಮದೇ ವಯಸ್ಸಿನ ಒಬ್ಬ ಹುಡುಗ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ 12 ವರ್ಷದ ಎಡ್ಮಂಡ್ ಆಲ್ಬಿಯಸ್ 1841ರಲ್ಲಿ ಒಂದು ಕಡ್ಡಿಯಿಂದ ಆ ಪರದೆಯನ್ನು ಮೇಲೆತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಶಲಾಕಾಗ್ರಕ್ಕೆ ಒತ್ತಿದ. ಇಂದಿಗೂ ತೋಟಗಳಲ್ಲಿ ಇದೇ ವಿಧಾನ ನಡೆಯುತ್ತಿದೆ.

ಅಡಿಕೆ ಬೆಲೆ ಕುಸಿದ ಕಾಲದಲ್ಲಿ, 2000ದ ಆಸುಪಾಸಿನಲ್ಲಿ, ಮಲೆನಾಡಿನ ಅನೇಕ ರೈತರು ತೋಟದಲ್ಲಿ ವೆನಿಲಾ ಹಬ್ಬಿಸಿದರು. 2003ರ ಸುಮಾರಿಗೆ ಅದರ ಬೆಲೆ ಆಕಾಶಕ್ಕೇರಿತು. ಒಂದೆರಡು ವರ್ಷದಲ್ಲೇ ನೆಲಕ್ಕೆ ಬಿತ್ತು. ಬಳ್ಳಿ ಕೊಳೆರೋಗ ಬೇರೆ. ಹಲವರು ಕೈಬಿಟ್ಟರು. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ, ಬೆಳಗ್ಗೆ ಬೇಗನೆ ಕಡ್ಡಿ ಹಿಡಿದು ತೋಟಕ್ಕೆ ಓಡುತ್ತಿದ್ದ ದಿನಗಳನ್ನು ಅವರು ಮರೆತಿರುವುದಿಲ್ಲ. ವೆನಿಲಾ ಹೂವಿಗೆ ಒಂದೇ ದಿನದ ಆಯುಸ್ಸು. ಆ ಬೆಳಗ್ಗೆ ಪರಾಗ ಮುಟ್ಟಿಸದಿದ್ದರೆ ಆ ಕಾಯಿ ಹೋದಂತೆಯೇ. ಪರಾಗ ಮುಟ್ಟಿಸಿದ ಕೂಡಲೇ ಎಲ್ಲ ಮುಗಿಯಿತೆಂದೂ ಅಲ್ಲ. ಆರ್ಕಿಡ್‌ಗಳಲ್ಲಿ ಹೂವು ಅರಳಿದಾಗ ಅಂಡಕಗಳು ಇನ್ನೂ ಸರಿಯಾಗಿ ಬೆಳೆದೇ ಇರುವುದಿಲ್ಲ. ಪರಾಗ ಬಂತೆಂಬ ಸುದ್ದಿ ತಲುಪಿದ ಮೇಲೆಯೇ ಅವು ಬೆಳೆಯತೊಡಗುತ್ತವೆ. ಪರಾಗನಾಳ ಅಂಡವನ್ನು ಸೇರುವುದಕ್ಕೆ ವಾರಗಳೇ ಬೇಕು, ಕೆಲವು ಜಾತಿಗಳಲ್ಲಿ ತಿಂಗಳುಗಳೇ ಬೇಕು.

ಸ್ವಾಮಿಯವರು ಮುಂದೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಇರ್ವಿಂಗ್ ಬೈಲಿ ಎಂಬ ಹೆಸರಾಂತ ಸಸ್ಯವಿಜ್ಞಾನಿಯೊಂದಿಗೆ ಕೆಲಸ ಮಾಡಿದರು. ಬೈಲಿ ಅವರ ತಲೆಯಲ್ಲಿ ಒಂದು ದೊಡ್ಡ ಪ್ರಶ್ನೆಯಿತ್ತು. ಭೂಮಿಯ ಮೇಲೆ ಮೊತ್ತಮೊದಲು ಅರಳಿದ ಹೂವು ಹೇಗಿದ್ದೀತು? ಆ ಹೂವಿನ ಕಾಲಕ್ಕೆ ಹೋಗಲಾಗದು. ಆದರೆ ಹಳೆಯ ಗುಣಗಳನ್ನು ಉಳಿಸಿಕೊಂಡ ಗಿಡಗಳು ಇಂದೂ ದೂರದ ದ್ವೀಪಗಳಲ್ಲಿ ಇರಬಹುದಲ್ಲವೇ? ಫಿಜಿ ದ್ವೀಪದ ಡಿಜೆನೇರಿಯ ಅಂಥ ಒಂದು ಮರ. 1942ರಲ್ಲಷ್ಟೇ ಅದರ ಕುಟುಂಬಕ್ಕೆ ಹೆಸರಿಟ್ಟಿದ್ದರು. ಅದರ ಕೇಸರಕ್ಕೆ ಕಡ್ಡಿಯೂ ಇಲ್ಲ, ತುದಿಯ ಗಂಟೂ ಇಲ್ಲ. ಅಗಲವಾದ ಪುಟ್ಟ ಎಲೆಯಂತಿದೆ. ಎಲೆಯಂಥ ಆ ಹಾಳೆಯ ಮೈಯಲ್ಲೇ ಪರಾಗಚೀಲಗಳು ಹುದುಗಿವೆ. ಸ್ವಾಮಿಯವರು ಈ ಮರವನ್ನು ಕುರಿತು 1949ರಲ್ಲಿ ವಿವರವಾಗಿ ಬರೆದರು.

ಫಿಜಿಗೆ ಹೋಗಲಾರೆವು ಎಂದು ಬೇಸರ ಬೇಡ. ಊರಿನ ಕೆರೆಯಲ್ಲಿ ನೈದಿಲೆ ಇದೆಯೇ? ದೊಡ್ಡವರ ಸಹಾಯದಿಂದ ಒಂದು ಹೂವನ್ನು ತರಿಸಿಕೊಳ್ಳಿ. ಹೊರಗಿನಿಂದ ಒಳಕ್ಕೆ ಒಂದೊಂದೇ ಭಾಗವನ್ನು ಕಿತ್ತು ಸಾಲಾಗಿ ಕಾಗದದ ಮೇಲೆ ಜೋಡಿಸಿ. ಮೊದಲು ಅಗಲವಾದ ದಳಗಳು. ಆಮೇಲೆ ಕಿರಿದಾಗುತ್ತಾ ಬಂದು, ತುದಿಯಲ್ಲಿ ಹಳದಿ ಗೆರೆ ಇರುವ ದಳಗಳು. ಕೊನೆಗೆ ಅಪ್ಪಟ ಕೇಸರಗಳು. ಯಾವುದರವರೆಗೆ ದಳ, ಯಾವುದರಿಂದ ಕೇಸರ? ಗೆರೆ ಎಳೆಯಲು ಪ್ರಯತ್ನಿಸಿ, ಜಗಳವೇ ಆದೀತು! ಮನೆಯ ಮುಂದಿನ ಸಂಪಿಗೆಯ ಕೇಸರವನ್ನೂ ನೋಡಿ. ಅದೂ ಚಪ್ಪಟೆ ಪಟ್ಟಿಯಂತೆಯೇ ಇದೆ.

ಹಾರ್ವರ್ಡಿನಲ್ಲಿ ಬೈಲಿ ಮತ್ತು ಸ್ವಾಮಿ ಸೇರಿ ಪರಿಶೀಲಿಸಿದ ಇನ್ನೊಂದು ಗಿಡ ಆಂಬೊರೆಲ್ಲ. ಇದು ಬೆಳೆಯುವುದು ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯ ದ್ವೀಪದಲ್ಲಿ ಮಾತ್ರ. ಗಂಡುಗಿಡ ಬೇರೆ, ಹೆಣ್ಣುಗಿಡ ಬೇರೆ. ಅದರ ಕಾಂಡದ ಮರದಲ್ಲಿ ನೀರು ಸಾಗಿಸುವ ಅಗಲವಾದ ನಾಳಗಳೇ ಇಲ್ಲ. ಹೂಬಿಡುವ ಗಿಡಗಳಲ್ಲಿ ಇದು ಬಲು ಅಪರೂಪ. ಈ ವಿಚಿತ್ರ ಗಿಡವನ್ನು ಕುರಿತ ಅವರ ಲೇಖನ 1948ರಲ್ಲಿ ಪ್ರಕಟವಾಯಿತು. ಆಗ ಅದನ್ನು ಗಮನಿಸಿದವರು ಕೆಲವೇ ತಜ್ಞರು. ಆಮೇಲೆ ಏನಾಯಿತು ನೋಡಿ. 51 ವರ್ಷ ಕಳೆದು 1999ರಲ್ಲಿ ವಿಜ್ಞಾನಿಗಳು ಡಿ.ಎನ್.ಎ. ಹೋಲಿಕೆಯಿಂದ ಹೂಗಿಡಗಳ ವಂಶವೃಕ್ಷ ಬರೆದರು. ಆ ವೃಕ್ಷದಲ್ಲಿ ಉಳಿದೆಲ್ಲ ಹೂಗಿಡಗಳಿಂದ ಮೊದಲು ಕವಲೊಡೆದದ್ದು ಇದೇ ಆಂಬೊರೆಲ್ಲ! ಅದರ ಹತ್ತಿರದಲ್ಲೇ ಇದ್ದ ಇನ್ನೊಂದು ಹಳೆಯ ಕವಲು ಯಾವುದು ಗೊತ್ತೇ? ನಮ್ಮ ನೈದಿಲೆಯ ಬಳಗ. ಈ ಸುದ್ದಿ ಕೇಳಲು ಸ್ವಾಮಿಯವರು ಇರಲಿಲ್ಲ.

ಅಮೆರಿಕದಿಂದ ಮರಳಿದ ಸ್ವಾಮಿಯವರು 1953ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿದರು. ಅಲ್ಲಿ ಪ್ರಾಧ್ಯಾಪಕರಾಗಿ, ಮುಂದೆ ಪ್ರಾಂಶುಪಾಲರಾಗಿ ದುಡಿದರು. ದಕ್ಷಿಣ ಭಾರತದ ಕಾಡಿನ ಒಂದು ಸಣ್ಣ ಗಿಡಕ್ಕೆ ತಮ್ಮ ಗುರುಗಳ ನೆನಪಿಗಾಗಿ ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ ಎಂದು ಹೆಸರಿಟ್ಟರು. ಸಾರ್ಕಾಂಡ್ರದ ಹೂವಿನಲ್ಲಿ ದಳವಿಲ್ಲ, ಒಂದು ಅಂಡಾಶಯ, ಅದರ ಮೈಗೆ ಅಂಟಿದ ಒಂದೇ ದಪ್ಪ ಕೇಸರ. ಹೂವೆಂದು ಒಪ್ಪಿಕೊಳ್ಳುವುದೇ ಕಷ್ಟ. ಈ ಗಿಡದಲ್ಲೂ ನೀರಿನ ನಾಳಗಳಿಲ್ಲವೆಂದು ಸ್ವಾಮಿ ಮತ್ತು ಬೈಲಿ 1950ರಲ್ಲಿ ಬರೆದಿದ್ದರು. 1987ರಲ್ಲಿ ಅಮೆರಿಕದ ಶರ್ವಿನ್ ಕಾರ್ಲ್‌ಕ್ವಿಸ್ಟ್ ಎಂಬ ವಿಜ್ಞಾನಿ ಅದರ ಬೇರಿನಲ್ಲಿ ನಾಳಗಳನ್ನು ಕಂಡರು. ದೊಡ್ಡ ವಿಜ್ಞಾನಿಗಳ ಮಾತನ್ನೂ ಹೀಗೆ ಮತ್ತೆ ಮತ್ತೆ ಪರೀಕ್ಷಿಸುತ್ತಾರೆ. ಸ್ವಾಮಿಯವರೇ ಬೇರೆಯವರ ಬರಹಗಳನ್ನು ಹಾಗೆ ಪರೀಕ್ಷಿಸಿದವರು.

ಇಷ್ಟಾದರೂ ನಮ್ಮ ಜನರಲ್ಲಿ ಹೆಚ್ಚಿನವರಿಗೆ ಸ್ವಾಮಿಯವರು ಗೊತ್ತಿರುವುದು ಅವರ ಸಂಶೋಧನೆಯಿಂದಲ್ಲ, ಕನ್ನಡ ಪುಸ್ತಕಗಳಿಂದ. ನಾವು ದಿನಾ ತಿನ್ನುವ ಮೆಣಸಿನಕಾಯಿ, ಆಲೂಗಡ್ಡೆ ಮುಂತಾದವು ಎಲ್ಲಿಂದ ಬಂದವೆಂದು ತಿಳಿಸಲು 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ' ಬರೆದರು. ಹೆಸರೇ ನಗು ತರಿಸುತ್ತದೆ! ಅವರ 'ಕಾಲೇಜು ರಂಗ' 1976ರಲ್ಲಿ ಚಲನಚಿತ್ರವಾಯಿತು. ವಿದ್ಯಾರ್ಥಿಗಳನ್ನು ಕರೆದುಕೊಂಡು ಪಶ್ಚಿಮಘಟ್ಟದ ಕಾಡುಗಳನ್ನು ಸುತ್ತಿದ ಅನುಭವದಿಂದ ಹುಟ್ಟಿದ್ದು 'ಹಸುರು ಹೊನ್ನು'. ಅದರಲ್ಲಿ ಗಿಡಗಳ ಜೊತೆಗೆ ತರಲೆ ಮಾಡುವ ಹುಡುಗರೂ ಇದ್ದಾರೆ, ಜಿಗಣೆಗಳೂ ಇವೆ. ಚಿತ್ರಗಳೂ ಸ್ವಾಮಿಯವರದೇ. ಸೂಕ್ಷ್ಮದರ್ಶಕದ ಮುಂದೆ ಕುಳಿತು ಪರಾಗರೇಣು ಬಿಡಿಸಿ ಪಳಗಿದ ಕೈಯಲ್ಲವೇ! ಈ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಮದರಾಸಿನಲ್ಲಿದ್ದಾಗ ತಮಿಳು ಕಲಿತು ಆ ಸಾಹಿತ್ಯದ ಚರಿತ್ರೆಯನ್ನೂ ಕೆದಕಿದರು.

ನಿವೃತ್ತಿಯ ಮೇಲೆ ಮೈಸೂರಿಗೆ ಬಂದು ನೆಲೆಸಿದರು. 1980ರ ನವೆಂಬರಿನಲ್ಲಿ, 62ನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು.

ಬರುವ ಮಳೆಗಾಲದ ಆರಂಭದಲ್ಲಿ ಗಾಳಿಗೆ ಮುರಿದುಬಿದ್ದ ಕೊಂಬೆಯಲ್ಲಿ ಸೀತಾಳೆ ದಂಡೆ ಸಿಕ್ಕಿದರೆ ಹೀಗೆ ಮಾಡಿ. ಚೆನ್ನಾಗಿ ಹೆರೆದ ಪೆನ್ಸಿಲಿನ ತುದಿಯನ್ನು ಹೂವಿನ ನಡುವಿನ ಗಿಡ್ಡ ಕಂಬಕ್ಕೆ ಮೆಲ್ಲಗೆ ತಾಗಿಸಿ ಹಿಂದಕ್ಕೆ ಎಳೆಯಿರಿ. ಅದೃಷ್ಟವಿದ್ದರೆ ಎರಡು ಹಳದಿ ಉಂಡೆಗಳು ಪೆನ್ಸಿಲಿಗೆ ಅಂಟಿಕೊಂಡು ಬರುತ್ತವೆ. ನೋಡಿಯಾದ ಮೇಲೆ ಗಿಡವನ್ನು ಬಿಸಾಡಬೇಡಿ. ಶಾಲೆಯ ಅಂಗಳದ ಮರವೊಂದರ ಕವೆಗೆ ಬಾಳೆನಾರಿನಿಂದ ಕಟ್ಟಿಬಿಡಿ, ಬೇರು ಹಿಡಿದೀತು.